ಬಂದರಿನ ಬಿಡುವು

ಅಳಿಯ: ಮಾವ, ನೀವು ಕಾರವಾರಕ್ಕೆ ಹೋಗಿಬಂದಿರೆಂಬ ಸುದ್ದಿ ಸುತ್ತೂರಿನಲ್ಲೆಲ್ಲ ಹಬ್ಬಿದೆ, ಆದರೆ ಯಾವ ನಿಮಿತ್ತದಿಂದ ಹೋಗಿದ್ದಿರೆಂಬುದು ಮಾತ್ರ ಒಬ್ಬರಿಗೂ ತಿಳಿದಂತೆ ತೋರುವುದಿಲ್ಲ. ಹೋಟೆಲಿನಲ್ಲಿ ಕುಳಿತವರು ನಿಮಗೆ ಆ ಕಡೆ ಎಲ್ಲೋ ಜಮೀನಿನ ವ್ಯಾಜ್ಯವಿದೆಯೆಂದು ತೀರ್ಮಾನಿಸಿಬಿಟ್ಟಿದ್ದಾರೆ. ಕೆಳಗಣ ಬೀದಿಯವರು ಯಾರಿಗೋ ಹೆಣ್ಣು ನೋಡಲು ಹೋಗಿದ್ದರೆಂದು ನಂಬಿದ್ದಾರೆ. ಅಮೆರಿಕದಿಂದ ಜಾತ್ರೆಗೆಂದು ಬಂದ ನಾನು, ನಿಮ್ಮ ಬಾಯಿಂದಲೇ ಕೇಳಿಬಿಡೋಣವೆಂದು ಬಂದೆ.

ಮಾವ: ಕಡಲು ನೋಡಲು ಹೋಗಿದ್ದೆನಪ್ಪ. ಕೇಳಿದವರಿಗೆಲ್ಲ ಹಾಗೆಯೇ ಹೇಳಿದೆ, ಯಾರೂ ನಂಬಲಿಲ್ಲ. ನಮ್ಮ ಕಡೆಯ ಜನ ಊರು ಬಿಟ್ಟು ಹೊರಡುವುದಕ್ಕೆ ಪೂರ್ವಕಾಲದಿಂದಲೂ ಕೆಲವು ಅಂಗೀಕೃತವಾದ ಕಾರಣಗಳುಂಟು: ನಂಜುಂಡೇಶ್ವರನಿಗೆ ಮುಡಿ ಕೊಡುವುದು, ಮಾದಪ್ಪನ ಬೆಟ್ಟಕ್ಕೆ ಹರಕೆ ಒಪ್ಪಿಸುವುದು, ತಿರುಮಕೂಡಲಿನ ಸಂಗಮದಲ್ಲಿ ಮಿಂದು ಬರುವುದು, ಮದುವೆ, ಸಾವು, ದನದ ವ್ಯಾಪಾರ, ಕಚೇರಿಯ ಅಲೆದಾಟ. ಇವುಗಳಲ್ಲಿ ಯಾವುದಕ್ಕೂ ಸೇರದ ಪ್ರಯಾಣವನ್ನು ಮಾಡಿದವನ ಬುದ್ಧಿಯ ವಿಷಯದಲ್ಲೋ ನಡತೆಯ ವಿಷಯದಲ್ಲೋ ಸಂಶಯ ಹುಟ್ಟುವುದು ಸ್ವಾಭಾವಿಕವೇ. ನಮ್ಮ ಕಪಿಲೆಯನ್ನೇ ನೋಡು: ಪಡುವಣ ಕಡಲಿಗೆ ಅಷ್ಟು ಸಮೀಪವಾದ ವಯನಾಡಿನ ಮಲೆಯಲ್ಲಿ ಹುಟ್ಟಿಯೂ ಆ ಕಡಲಿಗೆ ಬೆನ್ನು ತಿರುಗಿಸಿ, ನಮ್ಮೂರ ಮುಂದೆ ಹಾದು, ತಿರುಮಕೂಡಲಿನಲ್ಲಿ ಕಾವೇರಿಯನ್ನು ಕೂಡಿಕೊಂಡು ಮೂಡಣ ಸಮುದ್ರಕ್ಕೇ ಹೋಗುತ್ತದೆ. ನದಿಗೇ ಇಲ್ಲದ ಪಡುವಣ ಚಪಲ ಈ ಮುದುಕನಿಗೇಕೆಂದು ಜನ ಕೇಳಿದರೆ ನಾನು ಏನು ಉತ್ತರ ಕೊಡಲಿ!

ಅಳಿಯ: ಹಾಗಾದರೆ ಆ ಅಪರಾಧದಲ್ಲಿ ನಾನೂ ನಿಮಗೆ ಜೊತೆಗಾರ. ಟೆಕ್ಸಾಸಿನಲ್ಲಿ ನಾವಿರುವ ಊರಿನಿಂದ ರಜೆಗೆಂದು ಮೆಕ್ಸಿಕೋ ದೇಶದ ಮಜಟ್ಲಾನ್ ಎಂಬ ಬಂದರು ಪಟ್ಟಣಕ್ಕೆ ಸಂಸಾರಸಮೇತ ಹೋಗಿದ್ದೆವು. ಪೆಸಿಫಿಕ್ ಮಹಾಸಾಗರದ ಅಂಚಿನಲ್ಲಿ ಒಂದು ಗುಡ್ಡ, ಗುಡ್ಡದ ನೆತ್ತಿಯ ಮೇಲೆ ದೀಪಸ್ತಂಭ, ಒಂದು ಮಗ್ಗುಲಲ್ಲಿ ಸೀಗಡಿ ಹಿಡಿಯುವ ದೋಣಿಗಳು, ಇನ್ನೊಂದು ಮಗ್ಗುಲಲ್ಲಿ ಸಾಲುಸಾಲಾಗಿ ರೆಸಾರ್ಟುಗಳು, ಇವೆರಡನ್ನೂ ಹೊಲಿದಂತೆ ಕಡಲ ದಂಡೆಯುದ್ದಕ್ಕೂ ಮೈಲಿಗಟ್ಟಲೆ ಸಾಗುವ ಒಂದು ಕಾಲುದಾರಿ. ಸಂಜೆಯಾಯಿತೆಂದರೆ ಇಡೀ ಊರು ಆ ದಾರಿಗೆ ಇಳಿಯುತ್ತದೆ; ಯಾರಿಗೂ ಎಲ್ಲಿಗೂ ತಲುಪಬೇಕಾದ ಅವಸರವಿಲ್ಲ. ತಳ್ಳುಗಾಡಿಯವನು ಮಾವಿನಹಣ್ಣನ್ನು ಹೆಚ್ಚಿ, ಅದರ ಮೇಲೆ ನಿಂಬೆರಸ ಹಿಂಡಿ, ಒಣಮೆಣಸಿನಕಾಯಿಯ ಪುಡಿ ಉದುರಿಸಿ ಕೊಟ್ಟಾಗ ನನ್ನ ಮಗಳು ಇದು ಸುತ್ತೂರು ಜಾತ್ರೆಯ ತಿಂಡಿಯೆಂದೇ ವಾದಿಸಿದಳು.

ಮಾವ: ಮಗು ಹೇಳಿದ್ದು ಅರ್ಧ ನಿಜ. ಆ ತಳ್ಳುಗಾಡಿಯವನ ತಟ್ಟೆಯಲ್ಲಿ ಎಷ್ಟು ಸಮುದ್ರಗಳು ಕೂಡಿವೆಯೆಂಬುದನ್ನು ಸ್ವಲ್ಪ ಯೋಚಿಸಿ ನೋಡು. ಮೆಣಸಿನಕಾಯಿ ಅವರ ನೆಲದ ಬೆಳೆ. ಪೋರ್ಚುಗೀಸರ ಹಡಗುಗಳಲ್ಲಿ ನಮ್ಮ ಪಡುವಣ ಕರಾವಳಿಗೆ ಬಂದಿಳಿದು, ಘಟ್ಟವನ್ನೇರಿ, ನಮ್ಮ ಮುದ್ದೆಯ ಸಾರಿನೊಳಕ್ಕೆ ಪ್ರವೇಶಿಸಿ, ತಾನು ಆದಿಯಿಂದಲೂ ಇಲ್ಲಿಯದೇ ಎಂಬ ಧೈರ್ಯದಿಂದ ಕುಳಿತಿದೆ. ಮಾವು ನಮ್ಮ ಕಡೆಯದು. ಅದು ಪೂರ್ವದ ದ್ವೀಪಗಳ ಮಾರ್ಗವಾಗಿ ಅವರ ದೇಶವನ್ನು ಸೇರಿತು. ಫಿಲಿಪ್ಪೀನ್ಸಿನ ಮನಿಲಾದಿಂದ ಮೆಕ್ಸಿಕೋದ ಅಕಾಪುಲ್ಕೋ ಬಂದರಿಗೆ 1565ರಿಂದ 1815ರ ವರೆಗೆ, ಇನ್ನೂರೈವತ್ತು ವರ್ಷಗಳ ಕಾಲ, ಸ್ಪೇನಿನ ಹಡಗುಗಳು ರೇಷ್ಮೆ, ಪಿಂಗಾಣಿ, ಸಂಬಾರ ಪದಾರ್ಥಗಳನ್ನು ಹೊತ್ತು ಬರುತ್ತಿದ್ದುವು. ಮರಳುವಾಗ ಬೆಳ್ಳಿಯನ್ನು ತುಂಬಿಕೊಂಡು ಹೋಗುತ್ತಿದ್ದುವು. ವರ್ಷಕ್ಕೆ ಒಂದೋ ಎರಡೋ ಹಡಗು. ಅದು ಬಂತೆಂದರೆ ಅಲ್ಲೊಂದು ದೊಡ್ಡ ಜಾತ್ರೆ. ಹೋಯಿತೆಂದರೆ ಊರೇ ಬರಿದು. ಕೊನೆಗೆ ಆ ಹಡಗೂ ನಿಂತು, ನೂರು ವರ್ಷಕ್ಕೂ ಮಿಕ್ಕಿ ಆ ಊರು ತೂಕಡಿಸಿತು. ರಾಜಧಾನಿಯಿಂದ ಮೋಟಾರು ರಸ್ತೆ ಅಲ್ಲಿಗೆ ತಲುಪಿದ್ದು 1927ರಲ್ಲಿ. ಆಮೇಲೆ ವಿಹಾರಾರ್ಥಿಗಳು ಬಂದರು, ಹೋಟೆಲುಗಳು ಎದ್ದುವು. ವಿಹಾರಿಗಳಿಗೆ ಇಷ್ಟವಾಗುವ ಬಂದರಿನ ಸಾವಧಾನ ಎಂಬುದು ಅನೇಕ ವೇಳೆ ಹೀಗೆ ಹುಟ್ಟುತ್ತದೆಯೆಂದು ನನ್ನ ಅಭಿಪ್ರಾಯ: ಹಡಗು ಬಾರದೆ ಹೋದ ಮೇಲೆ ಉಳಿದ ಬಿಡುವು ಅದು.

ಅಳಿಯ: ಇದು ತುಸು ಕಠೋರವಾದ ಮಾತಾಯಿತು. ನೀವು ನೋಡಿದ ಕಾರವಾರಕ್ಕೂ ಇದೇ ನ್ಯಾಯವೇ?

ಮಾವ: ಅದಕ್ಕೆ ಇನ್ನೂ ಚೆನ್ನಾಗಿ ಒಪ್ಪುತ್ತದೆ. ಹದಿನೇಳನೆಯ ಶತಮಾನದಲ್ಲಿಯೇ ಇಂಗ್ಲಿಷರು ಅಲ್ಲಿ ಕೋಠಿಯಿಟ್ಟು ಮೆಣಸನ್ನೂ ನಯವಾದ ಹತ್ತಿಬಟ್ಟೆಯನ್ನೂ ಸಾಗಿಸಿದರು. ಆ ಮಾತು ಹಾಗಿರಲಿ. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸಿನ ಆಧಿಪತ್ಯದಿಂದ ಬಿಡಿಸಿ ಮುಂಬಯಿಗೆ ಸೇರಿಸಿದರಲ್ಲವೇ, ಅದರ ಹಿಂದೆ ಇದ್ದುದೂ ಹತ್ತಿಯ ಲೆಕ್ಕಾಚಾರವೇ. ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ನಿಂತುಹೋದಾಗ, ಧಾರವಾಡದ ಸೀಮೆಯ ಹತ್ತಿಯನ್ನು ಘಟ್ಟವಿಳಿಸಿ ಕಾರವಾರದಲ್ಲಿ ಹಡಗಿಗೇರಿಸಬೇಕೆಂಬ ದೊಡ್ಡ ಆಸೆ ಹುಟ್ಟಿತು. ರಸ್ತೆಗಳನ್ನು ಕಡಿದರು, 1864ರಲ್ಲಿ ಬಂದರಿನ ಎದುರಿನ ನಡುಗಡ್ಡೆಯ ಮೇಲೆ ದೀಪಸ್ತಂಭವನ್ನು ಎತ್ತಿದರು, ಇನ್ನು ರೈಲು ಬರುವುದೊಂದೇ ಬಾಕಿಯೆಂದು ಕಾದರು. ರೈಲು ಬಂದದ್ದು ನಿಜ, ಆದರೆ ಕಾರವಾರಕ್ಕಲ್ಲ. 1880ರ ದಶಕದಲ್ಲಿ ಪೋರ್ಚುಗೀಸರ ಗೋವೆಯ ಮರ್ಮಗೋವೆಗೆ ಹಳಿ ಹಾಕಿದರು. ಹತ್ತಿಯೂ ಅದೇ ಹಾದಿ ಹಿಡಿಯಿತು. ಕಾರವಾರಕ್ಕೆ ಉಗಿಬಂಡಿಯ ಕಾಲದಲ್ಲಿ ರೈಲೇ ಬರಲಿಲ್ಲ. ಕೊಂಕಣ ರೈಲು ಮುಂಬಯಿಯಿಂದ ಮಂಗಳೂರಿನ ವರೆಗೆ ಓಡತೊಡಗಿದ್ದು 1998ರಲ್ಲಿ. ಹುಬ್ಬಳ್ಳಿಯಿಂದ ಅಂಕೋಲೆಗೆ ಹಾಕಬೇಕೆಂದಿರುವ ಹಳಿಯಂತೂ ಇವತ್ತಿಗೂ ಕಾಗದದಲ್ಲಿಯೇ ಹೆಚ್ಚು ದೂರ ಓಡಿದೆ.

ಅಳಿಯ: ಹತ್ತಿ ಬಾರದೆ ಹೋದ ಊರಿಗೆ ಕವಿಯಾದರೂ ಬಂದರಲ್ಲ! ಅಲ್ಲಿಯ ಕಡಲತೀರಕ್ಕೆ ರವೀಂದ್ರನಾಥ ಠಾಕೂರರ ಹೆಸರಿಟ್ಟಿರುವುದನ್ನು ಕೇಳಿದ್ದೇನೆ.

ಮಾವ: ಹೌದು, 1883ರಲ್ಲಿ, ಆಗ ಅವರಿಗೆ ಇಪ್ಪತ್ತೆರಡು ವರ್ಷ, ಇನ್ನೂ ಮದುವೆಯಾಗಿರಲಿಲ್ಲ. ಅಣ್ಣ ಸತ್ಯೇಂದ್ರನಾಥರು, ಐ.ಸಿ.ಎಸ್. ಪರೀಕ್ಷೆಯಲ್ಲಿ ತೇರ್ಗಡೆಯಾದ ಮೊದಲ ಭಾರತೀಯರು, ಅಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. ರವೀಂದ್ರರು ಅವರ ಅತಿಥಿಯಾಗಿ ಬಂದರು. ಬೆಳದಿಂಗಳಿನಲ್ಲಿ ಕಾಳಿ ನದಿಯ ಮೇಲೆ ದೋಣಿಯಲ್ಲಿ ಹೋದದ್ದನ್ನೂ ಮರಳಿ ಬರುವಾಗ ಅಳಿವೆಯ ಮರಳಿನ ಮೇಲೆ ನಡೆದುಬಂದದ್ದನ್ನೂ ಅವರು ಆಮೇಲೆ ತಮ್ಮ ಆತ್ಮಕಥನದಲ್ಲಿ ನೆನೆದಿದ್ದಾರೆ. 'ಪ್ರಕೃತಿರ್ ಪ್ರತಿಶೋಧ್' ಎಂಬ ನಾಟಕವನ್ನು ಬರೆದದ್ದು ಅಲ್ಲಿಯೇ. ಲೋಕವನ್ನು ತೊರೆದು ಗೆದ್ದೆನೆಂದುಕೊಂಡ ಸಂನ್ಯಾಸಿಯೊಬ್ಬನನ್ನು ಒಂದು ಅನಾಥ ಹುಡುಗಿಯ ಮಮತೆ ಮತ್ತೆ ಲೋಕಕ್ಕೆ ಎಳೆತರುವ ಕಥೆ ಅದು. ಆದರೆ ನನಗೆ ಮುಖ್ಯವೆಂದು ತೋರುವುದು ಬೇರೆ: ಅವರು ಅಲ್ಲಿ ಹಣ ಕೊಟ್ಟು ಇಳಿದುಕೊಂಡವರಲ್ಲ, ಅಣ್ಣನ ಮನೆಯಲ್ಲಿ ಉಂಡವರು. ಬಿಡುವಿಗೂ ಒಬ್ಬ ಯಜಮಾನನಿರಬೇಕಯ್ಯ.

ಅಳಿಯ: ಈಗ ತಿಳಿಯಿತು, ನೀವು ರೆಸಾರ್ಟಿನ ಮೇಲೆ ಬಾಣ ಹೂಡುತ್ತಿದ್ದೀರಿ. ನಮ್ಮ ಮಠದಲ್ಲಿ ಜಾತ್ರೆಯ ದಿನಗಳಲ್ಲಿ ಲಕ್ಷಾಂತರ ಜನರಿಗೆ ದಾಸೋಹ ನಡೆಯುತ್ತದೆ, ಯಾರು ಬಂದರೂ ಎಲೆಯ ಮುಂದೆ ಕುಳಿತು ಉಣ್ಣಬಹುದು; ಅದನ್ನು ಕಂಡು ಬೆಳೆದವರಿಗೆ ಬಿಲ್ಲು ಬರುವ ಊಟವೆಲ್ಲ ಕೀಳಾಗಿ ಕಾಣುವುದು ಸಹಜ. ಆದರೆ ಒಂದು ಮಾತನ್ನು ಒಪ್ಪಬೇಕು, ಮಾವ. ಬಂಧುವಿನ ಮನೆಯ ಅತಿಥಿಗೆ ಋಣವಿದೆ, ದಾಕ್ಷಿಣ್ಯವಿದೆ. ಎದ್ದ ಕೂಡಲೇ ಕೇಳುವವರಿದ್ದಾರೆ, ಬೇಡವೆಂದರೂ ಬಡಿಸುವವರಿದ್ದಾರೆ. ಹಣ ಕೊಟ್ಟು ಇಳಿದವನಿಗೆ ಅದಾವುದೂ ಇಲ್ಲ. ವರ್ಷಪೂರ್ತಿ ದುಡಿದು ಬಂದವನು, ತನ್ನನ್ನು ಯಾರೂ ಬಲ್ಲವರಿಲ್ಲದ ಕಡೆ ಕಾಲು ಚಾಚಿ ಮಲಗಬೇಕೆಂದು ಬಯಸಿದರೆ ಅದೇನು ಪಾಪವೇ?

ಮಾವ: ಪಾಪವೆಂದು ನಾನೆಲ್ಲಿ ಹೇಳಿದೆ? ಕಾಳಿಯ ಅಳಿವೆಯಾಚೆ ದೇವಬಾಗದಲ್ಲಿ, ಗಾಳಿಮರದ ತೋಪಿನ ನಡುವೆ, ಜಂಗಲ್ ಲಾಡ್ಜಸ್ ಸಂಸ್ಥೆಯ ವಿಹಾರಧಾಮವನ್ನು ನಾನೂ ಕಂಡೆ, ಸ್ಥಳ ರಮ್ಯವಾಗಿದೆ. ನನ್ನ ಆಕ್ಷೇಪಣೆ ವಾಸ್ತವ್ಯದ ವಿಷಯದಲ್ಲಲ್ಲ, ದೃಷ್ಟಿಯ ವಿಷಯದಲ್ಲಿ. ರೆಸಾರ್ಟಿನ ಕುರ್ಚಿಯನ್ನು ಕಡಲಿನ ಕಡೆಗೆ ತಿರುಗಿಸಿ ಇಟ್ಟಿರುತ್ತಾರೆ. ಊರಿಗೆ ಅದರ ಬೆನ್ನು. ಅಲ್ಲಿ ಕುಳಿತವನು ಈ ಊರೆಲ್ಲ ತನ್ನಂತೆಯೇ ಬಿಡುವಾಗಿದೆಯೆಂದು ಎಣಿಸಿ, ಎಷ್ಟು ಶಾಂತವಾದ ಜನ, ಎಷ್ಟು ಸಾವಧಾನದ ಜೀವನ ಎಂದು ಪತ್ರ ಬರೆಯುತ್ತಾನೆ. ನಿನ್ನ ಮಜಟ್ಲಾನಿನಲ್ಲಿ ಆ ಸೀಗಡಿ ದೋಣಿಗಳು ಎಷ್ಟು ಹೊತ್ತಿಗೆ ಹೊರಡುತ್ತವೆಂದು ಬಲ್ಲೆಯಾ?

ಅಳಿಯ: ಅದನ್ನು ಕೇಳಬೇಕೆಂದು ನನಗೆ ತೋಚಲೇ ಇಲ್ಲ. ಕಾರವಾರದಲ್ಲಿ ನೀವು ಕೇಳಿದಿರೇನು?

ಮಾವ: ಕೇಳುವ ಅಗತ್ಯ ಬೀಳಲಿಲ್ಲ, ಎದುರಿಗೇ ನಡೆಯಿತು. ಮುದುಕನಿಗೆ ನಿದ್ರೆ ಕಡಮೆ. ಬೆಳಗಿನ ಜಾವ ತೀರಕ್ಕೆ ಹೋಗಿದ್ದೆ. ಸಣ್ಣದೊಂದು ದೋಣಿ ದಡದಿಂದ ಹೊರಟು, ಬಲೆಯನ್ನು ಇಳಿಬಿಡುತ್ತ ನೀರಿನಲ್ಲಿ ಅರ್ಧಚಂದ್ರಾಕಾರವಾಗಿ ಸುತ್ತಿ, ಅಷ್ಟು ದೂರದಲ್ಲಿ ಮತ್ತೆ ದಡಕ್ಕೆ ಬಂತು. ಬಲೆಯ ಎರಡು ಕೊನೆಯ ಹಗ್ಗಗಳನ್ನು ಎರಡು ಗುಂಪಿನವರು ಹಿಡಿದು, ಸೊಂಟಕ್ಕೆ ಸುತ್ತಿಕೊಂಡು, ಮರಳಿನಲ್ಲಿ ಹಿಮ್ಮಡಿಯೂರಿ ಹಿಂದೆ ಹಿಂದೆ ನಡೆಯತೊಡಗಿದರು. ಹಿಂದಿನವನು ದಂಡೆಯ ಮೇಲಕ್ಕೆ ಬಂದೊಡನೆ ಹಗ್ಗ ಬಿಟ್ಟು ಓಡಿಹೋಗಿ ನೀರಿನಂಚಿನಲ್ಲಿ ಮುಂದಿನವನಾಗುವನು. ಮಾತಿಲ್ಲ, ಅಪ್ಪಣೆಯಿಲ್ಲ, ಆದರೂ ತಾಳ ತಪ್ಪದು. ನಮ್ಮ ರಥ ಎಳೆಯುವವರಿಗೆ ಕೂಗಿ ಹುರುಪು ಕೊಡಲು ಎಷ್ಟೊಂದು ಜನ ಬೇಕು! ಎರಡು ಗುಂಪುಗಳೂ ಮೆಲ್ಲಮೆಲ್ಲನೆ ಒಂದಕ್ಕೊಂದು ಸಮೀಪಿಸುತ್ತ ಬಂದು, ಬಲೆಯ ಚೀಲ ನೊರೆಯೊಳಗಿಂದ ಮೇಲೆದ್ದಾಗ, ಅದರಲ್ಲಿ ಬೆಳ್ಳಿಯ ಹಾಗೆ ಮಿಡುಕುವ ತಾರ್ಲೆ, ಒಂದಷ್ಟು ಬಂಗಡೆ, ಅಂಬಲಿಯಂಥ ಲೋಳೆಮೀನು, ಹರಿದ ಪ್ಲಾಸ್ಟಿಕ್ ಚೀಲ. ಹೆಂಗಸರು ಬುಟ್ಟಿಯೊಂದಿಗೆ ಕುಳಿತು ಕ್ಷಣದಲ್ಲಿ ಬೇರೆಬೇರೆ ಮಾಡಿದರು. ಗರುಡಪಕ್ಷಿ ಮೇಲಿನಿಂದ ಎರಗಿ ತನ್ನ ಪಾಲನ್ನು ಎತ್ತಿಕೊಂಡಿತು. ಹಗ್ಗ ಹಿಡಿದ ಪ್ರತಿಯೊಬ್ಬನಿಗೂ ಪಾಲು. ಹುಟ್ಟಾ ಶಾಕಾಹಾರಿಯಾದ ನನಗೆ ಮೀನಿನ ವಾಸನೆ ಹಿತವಾಯಿತೆಂದು ಸುಳ್ಳು ಹೇಳಲಾರೆ; ಮೂಗು ಮುಚ್ಚಿಕೊಳ್ಳುವುದು ಅಸಭ್ಯವೆಂದು ತೋರಿ ಗಾಳಿಯ ಮೇಲ್ಗಡೆಗೆ ಹೋಗಿ ನಿಂತೆ.

ಅಳಿಯ: ಇದೇ ಏನು ರಂಪಣಿ ಎನ್ನುವುದು?

ಮಾವ: ಇದು ಅದರ ಮರಿ, ಏಂಡಿ ಬಲೆಯೆನ್ನುತ್ತಾರೆ. ನಿಜವಾದ ರಂಪಣಿ ಬಹಳ ದೊಡ್ಡದಂತೆ. ಎಳೆಯಲು ಹತ್ತಾರು ಮಂದಿ ಬೇಕು, ಕೇರಿಗೆ ಕೇರಿಯೇ ಸೇರಿ ಎಳೆದು ಹಂಚಿಕೊಳ್ಳುತ್ತಿದ್ದರಂತೆ. 1970ರ ದಶಕದಿಂದ ಈಚೆಗೆ ಯಂತ್ರದ ದೋಣಿಗಳು ಪರ್ಸೀನ್ ಬಲೆಯೊಂದಿಗೆ ಆಳಕ್ಕೆ ಹೋಗಿ ಮೀನಿನ ಹಿಂಡನ್ನು ದಡ ಸೇರುವುದಕ್ಕೆ ಮುಂಚೆಯೇ ಸುತ್ತುವರಿಯತೊಡಗಿದ ಮೇಲೆ ರಂಪಣಿಗೆ ಕೆಲಸ ತಪ್ಪಿತು. ಆ ದೊಡ್ಡ ದೋಣಿಗಳನ್ನು ನೋಡಬೇಕಾದರೆ ಬೈತಕೋಲಿನ ಬಂದರಿಗೆ ಹೋಗಬೇಕು. ಅಲ್ಲಿ ಮಂಜುಗಡ್ಡೆ ಪುಡಿಮಾಡುವ ಯಂತ್ರದ ಗದ್ದಲ, ಡೀಸೆಲ್ಲಿನ ಹೊಗೆ, ಹರಾಜಿನ ಕೂಗು. ಸಾವಧಾನವೆಂಬ ಮಾತು ಅಲ್ಲಿ ಯಾರ ಬಾಯಲ್ಲೂ ಬರದು. ಜೂನ್ ಒಂದರಿಂದ ಜುಲೈ ಮುಗಿಯುವ ವರೆಗೆ ಸರ್ಕಾರವೇ ಯಾಂತ್ರಿಕ ದೋಣಿಗಳನ್ನು ತಡೆಯುತ್ತದೆ. ಮೀನು ಮೊಟ್ಟೆಯಿಡುವ ಕಾಲ. ಬಂದರಿಗೆ ನಿಯಮಬದ್ಧವಾದ ಬಿಡುವೆಂದರೆ ಅದೊಂದೇ, ಆಗ ಮಾತ್ರ ವಿಹಾರಿಗಳು ಮಳೆಗೆ ಹೆದರಿ ಆ ಕಡೆ ಸುಳಿಯುವುದಿಲ್ಲ.

ಅಳಿಯ: ಅಂದಮೇಲೆ ಊರಿನವರ ಬಿಡುವಿಗೂ ನಮ್ಮ ಬಿಡುವಿಗೂ ಸಂಧಿಯೇ ಇಲ್ಲವೆಂದಾಯಿತು.

ಮಾವ: ಸಂಜೆಯ ಹೊತ್ತು ಇದೆ. ಕಚೇರಿಗಳಿಂದ ಬಿಟ್ಟವರು, ಅಂಗಡಿಯವರು, ಮಕ್ಕಳು, ನೌಕಾನೆಲೆಯ ಹುಡುಗರು ಎಲ್ಲರೂ ತೀರಕ್ಕೆ ಬಂದು ಮರಳಿನಲ್ಲಿ ಕುಳಿತುಕೊಳ್ಳುತ್ತಾರೆ. ನಿನ್ನ ಮಜಟ್ಲಾನಿನ ಕಾಲುದಾರಿಯ ಹಾಗೆಯೇ. ಆದರೆ ಆ ತೀರ ಎಷ್ಟು ಉಳಿದಿದೆಯೆಂಬುದನ್ನು ನೀನು ತಿಳಿದಿರಬೇಕು. ಊರಿನ ದಕ್ಷಿಣಕ್ಕೆ ನೌಕಾಪಡೆಯ ನೆಲೆ. 1986ರಲ್ಲಿ ರಾಜೀವ್ ಗಾಂಧಿಯವರು ಅಡಿಗಲ್ಲಿಟ್ಟರು, 2005ರಲ್ಲಿ ಕದಂಬರ ಹೆಸರು ಹೊತ್ತು ಅದು ಕಾರ್ಯಾರಂಭ ಮಾಡಿತು. ಅರಗಾ ಮೊದಲಾದ ಗ್ರಾಮಗಳಿಂದ ಸಾವಿರಾರು ಕುಟುಂಬಗಳು ಮನೆ, ತೋಟ, ತೀರಗಳನ್ನು ಬಿಟ್ಟು ಏಳಬೇಕಾಯಿತು. 1498ರಲ್ಲಿ ವಾಸ್ಕೋ ಡ ಗಾಮ ತಂಗಿದ್ದ ಅಂಜದೀವ ದ್ವೀಪವೂ ಈಗ ಆ ನೆಲೆಯ ಆವರಣದೊಳಕ್ಕೆ ಸೇರಿ, ಅಲೆತಡೆಯ ಗೋಡೆಯಿಂದ ನೆಲಕ್ಕೆ ಅಂಟಿಕೊಂಡಿದೆ. ಮೀನುಗಾರರ ಪಾಲಿಗೆ ಉಳಿದದ್ದು ಠಾಕೂರರ ಹೆಸರಿನ ಈ ತೀರ. ಅದರಲ್ಲಿಯೂ ವಾಣಿಜ್ಯ ಬಂದರನ್ನು ವಿಸ್ತರಿಸಿ ಹೊಸ ಅಲೆತಡೆಯನ್ನು ಕಟ್ಟಲು ಹೊರಟಾಗ 2020ರ ಜನವರಿಯಲ್ಲಿ ಅವರು ಬೀದಿಗಿಳಿದರು, ಊರೇ ಬಾಗಿಲು ಮುಚ್ಚಿತು, ನ್ಯಾಯಾಲಯದ ಮೆಟ್ಟಿಲನ್ನೂ ಏರಿದರು.

ಅಳಿಯ: ಕಬಿನಿಗೆ ಕಟ್ಟೆ ಕಟ್ಟಿದಾಗ ಹೆಗ್ಗಡದೇವನಕೋಟೆಯ ಕಡೆಯ ಹಾಡಿಗಳು, ಹಳ್ಳಿಗಳು ಮುಳುಗಿದವು; ಆ ನಾಲೆಯ ನೀರಿನಲ್ಲಿ ನಾವು ಬತ್ತ ಬೆಳೆದುಕೊಂಡೆವು. ಅಂಥದೇ ಎಂದು ಕೆಲವರು ಸಮಾಧಾನ ಹೇಳಿಯಾರು. ದೇಶಕ್ಕೆ ನೌಕಾನೆಲೆಯೂ ಬೇಕಷ್ಟೆ.

ಮಾವ: ಬೇಕು. ನಾನು ಬೇಡವೆನ್ನಲಿಲ್ಲ. ಹಡಗು ಬಾರದೆ ಇದ್ದಾಗ ಆ ಊರಿಗೆ ಬಂದದ್ದು ಬಡತನ. ಹಡಗು ಬಂದಾಗ ಕಳೆದುಕೊಂಡದ್ದು ದಂಡೆ. ಇವೆರಡರ ಮಧ್ಯೆ ಸಂಜೆಯ ಒಂದು ಗಳಿಗೆಯನ್ನು ಅವರು ಉಳಿಸಿಕೊಂಡಿದ್ದಾರೆ, ಅದನ್ನು ದುಡ್ಡು ಕೇಳದೆ ನಮ್ಮಂಥವರಿಗೂ ಹಂಚುತ್ತಾರೆ. ಅವರ ಪಕ್ಕದಲ್ಲಿ ಮರಳಿನ ಮೇಲೆ ಕುಳಿತು ಅದನ್ನು ಸ್ವೀಕರಿಸುವುದಕ್ಕೂ, ಬೇಲಿಯೊಳಗೆ ಕುಳಿತು ಅದನ್ನು ಕೊಂಡುಕೊಳ್ಳುವುದಕ್ಕೂ ಇರುವ ಅಂತರವನ್ನು ಮಾತ್ರ ನಾನು ಹೇಳಿದ್ದು.

ಅಳಿಯ: ನಿಮ್ಮ ಮಾತನ್ನು ಪೂರ್ತಿ ಒಪ್ಪಲಾರೆ. ಬೇಲಿಯೊಳಗೆ ಹಾಸಿಗೆ ಹಾಸುವವನೂ, ಅಡಿಗೆ ಮಾಡುವವನೂ, ದೋಣಿ ನಡೆಸುವವನೂ ಆ ಊರಿನವನೇ. ಕೊಂಡುಕೊಳ್ಳುವವನು ಬಾರದಿದ್ದರೆ ಅವನೂ ಗೋವೆಗೋ ಮುಂಬಯಿಗೋ ಹೊರಡಬೇಕಾಗುತ್ತದೆ. ಮರಳಿನ ಮೇಲೆ ಕುಳಿತ ನಿಮ್ಮಿಂದ ಅವನಿಗೆ ಸಿಕ್ಕಿದ್ದೇನು?

ಮಾವ: ಎರಡು ಲೋಟ ಸೋಲಕಡಿಯ ಬೆಲೆ. ಮುರುಗಲು ಹುಳಿಗೆ ತೆಂಗಿನಕಾಯಿಯ ಹಾಲು ಬೆರಸಿ ಮಾಡುತ್ತಾರೆ, ಬಲು ಸೊಗಸು. ನೀನು ಕೇಳಿದ್ದು ನ್ಯಾಯವಾಗಿಯೇ ಇದೆ. ನನ್ನ ಹತ್ತಿರ ಅದಕ್ಕೆ ಸಮರ್ಪಕವಾದ ಉತ್ತರವಿಲ್ಲ. ಆದರೂ ಅಭಿಪ್ರಾಯವನ್ನು ಬದಲಿಸುವಷ್ಟು ಚಿಕ್ಕ ವಯಸ್ಸು ನನ್ನದಲ್ಲ.

ಅಳಿಯ: ಇರಲಿ. ಸಂಜೆಯ ತೀರ, ಬೆಳಗಿನ ಬಲೆ, ಇವುಗಳ ನಡುವೆ ಹಗಲೆಲ್ಲ ಏನು ಮಾಡಿದಿರಿ?

ಮಾವ: ಒಂದು ಹಗಲು ಸದಾಶಿವಗಡದ ಗುಡ್ಡವನ್ನು ಹತ್ತಿದೆ. ಕಾಳಿಯ ಉತ್ತರದ ದಡದಲ್ಲಿದೆ. ಸೋದೆಯ ಅರಸ ಬಸವಲಿಂಗರಾಜ 1715ರಲ್ಲಿ ಕಟ್ಟಿಸಿ ತಂದೆಯ ಹೆಸರಿಟ್ಟ ಕೋಟೆ. ಆ ತಂದೆ ಸದಾಶಿವರಾಯ ಸ್ವರವಚನಗಳನ್ನು ಹಾಡಿದ ವೀರಶೈವ ಅರಸ; ಕಡಲಂಚಿನಲ್ಲಿ ನಮ್ಮವರ ಹೆಸರೊಂದು ಎದುರಾದಾಗ ಸುತ್ತೂರಿನವನ ಎದೆ ತುಸು ಉಬ್ಬಿದ್ದರೆ ಕ್ಷಮಿಸಬಹುದು. ಮೇಲೆ ನಿಂತರೆ ನದಿ ಕಡಲನ್ನು ಸೇರುವ ಸ್ಥಳ, ಎದುರಿಗೆ ದ್ವೀಪಗಳು, ಕೆಳಗೆ ಸೇತುವೆ ಎಲ್ಲವೂ ಒಂದೇ ನೋಟಕ್ಕೆ ಸಿಕ್ಕುತ್ತವೆ. ಅಲ್ಲಿ ಎರಡು ಸೇತುವೆಗಳಿದ್ದುವು. ಹಳೆಯದು 2024ರ ಆಗಸ್ಟಿನ ಒಂದು ರಾತ್ರಿ ಕುಸಿದು ಬಿತ್ತು. ಅದರೊಡನೆ ನದಿಗೆ ಬಿದ್ದ ಲಾರಿಯ ಚಾಲಕನನ್ನು ಮೀನುಗಾರರೂ ಪೊಲೀಸರೂ ಸೇರಿ ಬದುಕಿಸಿದರಂತೆ.

ಅಳಿಯ: ನೀವು ವರ್ಣಿಸಿದ ಮೇಲೆ ಮುಂದಿನ ವರ್ಷ ನಾನೂ ಹೋಗದಿರಲಾರೆ. ಯಾವ ಕಾಲದಲ್ಲಿ ಹೋಗಲಿ? ಜಾತ್ರೆಯನ್ನಂತೂ ತಪ್ಪಿಸಿಕೊಳ್ಳಲಾರೆ.

ಮಾವ: ಎರಡೂ ಆಗುತ್ತದೆ, ಪಂಚಾಂಗ ನೋಡಿ ಟಿಕೆಟ್ಟು ಕೊಳ್ಳಬೇಕಷ್ಟೆ. ಕಾರವಾರದೆದುರಿಗೆ ಕೂರ್ಮಗಡವೆಂಬ ದ್ವೀಪವಿದೆ. ಅಲ್ಲಿಯ ನರಸಿಂಹದೇವರ ಜಾತ್ರೆ ಪುಷ್ಯ ಶುದ್ಧ ಪೌರ್ಣಮಿಯ ದಿನ. ಅಂದು ಜನರೆಲ್ಲ ದೋಣಿಗಳಲ್ಲಿ ಹೋಗಿ ದೇವರಿಗೆ ಬಾಳೆಗೊನೆ ಒಪ್ಪಿಸುತ್ತಾರೆ; ನಮ್ಮ ನಂಜನಗೂಡಿನ ರಸಬಾಳೆ ಹಿಂದಿನಂತೆ ಸಿಕ್ಕುತ್ತಿದ್ದರೆ ಒಂದು ಗೊನೆ ಕಟ್ಟಿಕೊಂಡು ಹೋಗೆನ್ನುತ್ತಿದ್ದೆ, ಸೊರಗುರೋಗ ಆ ತೋಟಗಳನ್ನೆಲ್ಲ ನುಂಗಿತು. ನಮ್ಮ ಜಾತ್ರೆ ಮೊದಲಾಗುವುದು ಅದೇ ಪುಷ್ಯ ಬಹುಳ ದ್ವಾದಶಿಯಂದು. ನಡುವೆ ಹನ್ನೆರಡು ದಿನ ಸಿಕ್ಕುತ್ತದೆ.

ಅಳಿಯ: ಹೆಂಡತಿ ಮಕ್ಕಳನ್ನು ದೋಣಿಯಲ್ಲಿ ದ್ವೀಪಕ್ಕೆ ಕರೆದೊಯ್ಯಬಹುದೇ?

ಮಾವ: ಒಯ್ಯಬಹುದು, ಆದರೆ ದೋಣಿಯನ್ನು ನೋಡಿ ಹತ್ತು. 2019ರ ಜನವರಿಯಲ್ಲಿ ಅದೇ ಜಾತ್ರೆಯಿಂದ ಮರಳುತ್ತಿದ್ದ ದೋಣಿಯೊಂದು ಮಗುಚಿ, ಹದಿನಾರು ಜನ ತೀರಿಕೊಂಡರು, ಮಕ್ಕಳೂ ಇದ್ದರು. ಜೀವರಕ್ಷಕ ಅಂಗಿ ಕೊಡದ ದೋಣಿಗೆ ಕಾಲಿಡಬೇಡ, ಜನ ಹೆಚ್ಚಾದರೆ ಇಳಿದುಬಿಡು, ದಾಕ್ಷಿಣ್ಯ ಬೇಡ. ಇನ್ನು ರೈಲಿನ ಮಾತು: ಹಾಸನದಲ್ಲಿ ರಾತ್ರಿ ಹತ್ತಿದರೆ ಬೆಳಗಿಗೆ ಕಾರವಾರ. ಸಕಲೇಶಪುರದ ಘಟ್ಟ ಕತ್ತಲೆಯಲ್ಲಿ ಕಳೆದುಹೋಗುತ್ತದೆಂಬುದೊಂದೇ ಕೊರತೆ. ಬರುವಾಗ ಹಗಲು ಬಸ್ಸಿನಲ್ಲಿ ಬಾ. ಹೊನ್ನಾವರದಲ್ಲಿ ಇಳಿದು ಶರಾವತಿಯನ್ನೂ ನೋಡಿಕೊಂಡು.

ಅಳಿಯ: ಇಳಿದುಕೊಳ್ಳುವುದು?

ಮಾವ: ರೆಸಾರ್ಟಿನಲ್ಲಿಯೇ ಇಳಿದುಕೊ, ನಿನ್ನ ಮಗಳಿಗೆ ಅಲ್ಲಿ ಚೆನ್ನಾಗಿರುತ್ತದೆ. ಬೆಳಗಿನ ಜಾವ ಅವಳನ್ನು ಎಬ್ಬಿಸಿಕೊಂಡು ತೀರಕ್ಕೆ ಹೋಗು. ಹಗ್ಗ ಎಳೆಯುವವರು ಬೇಡವೆನ್ನದಿದ್ದರೆ ಅವಳೂ ಒಂದು ಕೈ ಹಾಕಲಿ.